ಯೂಲ್ವಾನಳ ಎರಡನೆಯ ಡಿಸ್ಕ್

ದೊಂಗ್‌ಗಾಂಗ್ ಬಂದರಿನಲ್ಲಿ ಮೀನು ಹರಾಜು ಹಾಕುವ ಕಟ್ಟೆಯ ಹಿಂದಿನ ಬೀದಿಯಲ್ಲಿ ಜ್ಯೆನ್ ಯೂಲ್ವಾನ್ ಎಂಬುವಳ ಫೋಟೊ ಅಂಗಡಿಯಿತ್ತು. ಮದುವೆಯ ಫೋಟೊ ಬೇಕಾದವರು ಅಲ್ಲಿಗೆ ಹೋಗುತ್ತಿರಲಿಲ್ಲ. ಸತ್ತವರ ಚಿತ್ರ ಬೇಕಾದವರು ಹೋಗುತ್ತಿದ್ದರು. ಟ್ಯೂನಾ ಹಿಡಿಯಲು ಹೋದವನು ಮರಳದಿದ್ದರೆ ಮನೆಯವರಿಗೆ ಹೂಳುವುದಕ್ಕೆ ದೇಹವಿರುವುದಿಲ್ಲ. ಪೂಜೆಯ ಮೇಜಿನ ಮೇಲೆ ಇಡಲು ಒಂದು ಮುಖವಾದರೂ ಬೇಕು. ಆ ಮುಖವನ್ನು ಯೂಲ್ವಾನ್ ಎಲ್ಲಿಂದಾದರೂ ಹುಡುಕಿ ತೆಗೆಯುತ್ತಿದ್ದಳು: ಹಡಗಿನ ಮೇಲೆ ಬಿಯರ್ ಹಿಡಿದು ನಿಂತ ಗುಂಪಿನಿಂದ, ತಂಗಿಯ ಮದುವೆಯ ಊಟದ ಪಂಕ್ತಿಯಿಂದ, ಹರಿದ ಗುರುತಿನ ಚೀಟಿಯಿಂದ. ಬನಿಯನ್ ತೊಟ್ಟವನಿಗೆ ಕೋಟು ತೊಡಿಸುತ್ತಿದ್ದಳು, ಕೆದರಿದ ಕೂದಲು ಬಾಚುತ್ತಿದ್ದಳು, ಹಿಂದೆ ತಿಳಿನೀಲಿ ಬಳಿಯುತ್ತಿದ್ದಳು. ನಗುವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಈ ವಿದ್ಯೆ ಅವಳಿಗೆ ಸುಲಭಕ್ಕೆ ಬಂದದ್ದಲ್ಲ. ಎಳೆಯ ವಯಸ್ಸಿನಲ್ಲೇ ಸೀಗಡಿ ಸುಲಿಯುವ ಕಾರ್ಖಾನೆ ಸೇರಿದವಳು. ಮಂಜುಗಡ್ಡೆಯ ನೀರಿನಲ್ಲಿ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಫೋಟೊ ತೆಗೆಯುವ ಗಂಡ ಸತ್ತು ಕ್ಯಾಮೆರಾವಷ್ಟೇ ಉಳಿದಾಗ ಅವಳು ಸಂಜೆಯ ತರಗತಿಗೆ ಹೋಗಿ, ತನ್ನ ಮಕ್ಕಳ ವಯಸ್ಸಿನವರ ನಡುವೆ ಕುಳಿತು, ಕಂಪ್ಯೂಟರ್ ಕಲಿತಳು. “ನನ್ನ ಹತ್ತಿರ ಬಿಟ್ಟು ಹೋಗಿ, ಭದ್ರವಾಗಿರ್ತದೆ” ಎಂದು ಬಂದವರಿಗೆಲ್ಲ ತಲೆಯೆತ್ತಿ ಹೇಳುತ್ತಿದ್ದಳು. ಚಂಡಮಾರುತದ ವರ್ಷ ಸಮುದ್ರ ಬೀದಿಗೆ ನುಗ್ಗಿದಾಗ ಹೆಗಲ ಮೇಲೆ ಕಂಪ್ಯೂಟರ್ ಹೊತ್ತು ಮಹಡಿ ಏರಿದವಳೂ ಅವಳೇ. ಕಾಗದದ ಚಿತ್ರಗಳೂ ನೆಗೆಟಿವ್‌ಗಳೂ ಕೆಸರಾದವು. ಅಂದಿನಿಂದ ಆ ಬಂದರಿನಲ್ಲಿ ಸಮುದ್ರಪಾಲಾದವರ ಮುಖಗಳ ಮೂಲಪ್ರತಿ ಉಳಿದದ್ದು ಒಂದೇ ಕಡೆ: ಅವಳ ಕಂಪ್ಯೂಟರಿನ ಹಳೆಯ ಡಿಸ್ಕಿನಲ್ಲಿ. ಈ ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಚಾಂದ್ರಮಾನದ ಏಳನೆಯ ತಿಂಗಳು ಕಾಲಿಟ್ಟಿತ್ತು. ಸತ್ತವರಿಗೆ ಬಾಗಿಲು ತೆರೆದುಬಿಡುವ ತಿಂಗಳು; ಹೊಸ ಕೆಲಸವನ್ನು ಯಾರೂ ಶುರು ಮಾಡುವುದಿಲ್ಲ. ಆಗಲೇ ಆ ಡಿಸ್ಕು ಸದ್ದು ಮಾಡತೊಡಗಿತು. ಟಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಕ್. ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟಿದಂತೆ. ತಿಂಗಳು ಕಳೆಯಲಿ ಎನ್ನುವಂತಿರಲಿಲ್ಲ. ಯೂಲ್ವಾನ್ ಕಂಪ್ಯೂಟರ್ ರಿಪೇರಿಯ ಶಿ ಯುಂಗ್‌ಟೌನನ್ನು ಕರೆಸಿದಳು.

ಯುಂಗ್‌ಟೌ ಕಿವಿಯಿಟ್ಟು ಕೇಳಿ ನಾಲಿಗೆ ಲೊಚಗುಟ್ಟಿದ.

“ಅಕ್ಕಾ, ಮುದುಕ ಗಂಟುಮೂಟೆ ಕಟ್ತಿದ್ದಾನೆ. ಇವತ್ತೇ ಎರಡನೇ ಡಿಸ್ಕ್ ಹಾಕಿ ಎಲ್ಲಾ ಇಳಿಸ್ಕೊಂಡುಬಿಡೋಣ.”

“ಪಕ್ಕದಲ್ಲೇ ಹಾಕು. ಹತ್ತಿರ ಇದ್ರೆ ಬೇಗ ಆಗುತ್ತೆ.”

“ಅಯ್ಯೋ, ಒತ್ತಿಗೆ ಇಟ್ರೆ ಒಂದನ್ನೊಂದು ಬೇಯಿಸಿಬಿಡ್ತವೆ! ನಡುವೆ ಒಂದು ಗೂಡು ಖಾಲಿ ಇರ್ಬೇಕು, ಗಾಳಿ ಓಡಾಡೋಕೆ.” ಅವನು ಹೊಸ ಡಿಸ್ಕನ್ನು ಒಂದು ಗೂಡು ಬಿಟ್ಟು ಕೆಳಗೆ ಸೇರಿಸಿ ತಿರುಪು ಬಿಗಿದ, ಅಡ್ಡ ಬಿದ್ದ ತಂತಿಗಳನ್ನು ಬದಿಗೆ ಕಟ್ಟಿದ, ಮುಂಭಾಗದ ಜಾಲರಿಯ ಹಿಂದೆ ಹೊಸದೊಂದು ಫ್ಯಾನ್ ಕೂರಿಸಿದ. “ಮುಂದಿಂದ ತಣ್ಣನೆ ಗಾಳಿ ಎಳ್ಕೊಳ್ತದೆ, ಎರಡರ ಮೈಮೇಲೂ ಸವರಿ ಹಿಂದಿಂದ ಬಿಸಿ ಬಿಡ್ತದೆ. ಇಷ್ಟೇ ವಿದ್ಯೆ.”

ಕಂಪ್ಯೂಟರ್ ಹಚ್ಚಿ ನಕಲು ಶುರು ಮಾಡಿದ. ಪರದೆಯ ಮೂಲೆಯಲ್ಲಿ ಹಳೆಯ ಡಿಸ್ಕಿನ ಬಿಸಿ ತೋರಿಸುವ ಅಂಕಿ ಮೂಡಿತು. ಮೂವತ್ತೊಂಬತ್ತು.

“ನಲವತ್ತೈದರ ತನಕ ನಿಶ್ಚಿಂತೆ. ಐವತ್ತು ದಾಟಿದ್ರೆ ನಂಗೆ ಫೋನ್ ಮಾಡಿ. ಅರವತ್ತಾದ್ರೆ ಮಾಡ್ಬೇಡಿ.”

“ಯಾಕೆ?”

“ಮಾಡಿ ಏನು ಉಪಯೋಗ?” ಅವನು ನಕ್ಕ. ಅವಳು ನಗಲಿಲ್ಲವೆಂದು ಕಂಡು ಗಂಭೀರನಾದ. “ನಡುವೆ ಆಫ್ ಮಾತ್ರ ಮಾಡ್ಬೇಡಿ ಅಕ್ಕಾ. ಇನ್ನೊಂದ್ಸಲ ನಿಂತ್ರೆ ಈ ಮುದುಕ ಮತ್ತೆ ತಿರುಗ್ತಾನೆ ಅಂತ ನಾನು ಮಾತು ಕೊಡಲ್ಲ.”

ಹೊರಡುವ ಮುನ್ನ ಕಂಪ್ಯೂಟರಿನ ನೆತ್ತಿಯ ಮೇಲಿದ್ದ ಹಸಿರು ಪೊಟ್ಟಣವನ್ನು ಎತ್ತಿ ಅದರ ಅವಧಿ ಮುಗಿದಿಲ್ಲವೆಂದು ನೋಡಿ, ಮೆಲ್ಲನೆ ಸ್ವಸ್ಥಾನದಲ್ಲಿಟ್ಟ. ಆ ನಾಡಿನಲ್ಲಿ ಬ್ಯಾಂಕಾಗಲಿ ಆಸ್ಪತ್ರೆಯಾಗಲಿ, ಯಂತ್ರವಿದ್ದ ಕಡೆ ಜೋಳದ ಕುರುಕಲು ತಿಂಡಿಯ ಒಂದು ಹಸಿರು ಪೊಟ್ಟಣ ಇದ್ದೇ ಇರುತ್ತದೆ. ಹಟ ಮಾಡದೆ ಹೇಳಿದ ಮಾತು ಕೇಳು ಎಂದು ಯಂತ್ರಕ್ಕೆ ಕೊಡುವ ಲಂಚ. ಹಸಿರೇ ಆಗಬೇಕು, ಹಳತಾಗಿರಬಾರದು. ಕೆಲಸ ನಡೆಯುವಾಗ ಅದನ್ನು ತೆಗೆದರೆ ಯಂತ್ರ ಮುನಿಯುತ್ತದೆ. ಇದನ್ನು ಯುಂಗ್‌ಟೌನಂಥ ಓದಿದವನೂ ನಂಬುತ್ತಿದ್ದ, ಯೂಲ್ವಾನಳೂ ನಂಬುತ್ತಿದ್ದಳು.

ಅವನು ಹೋದ ಮೇಲೆ ಹುಂಗ್ ಅಮಾನ್ ಬಂದಳು. ಕಟ್ಟೆಯ ಬಳಿ ಮೀನಿನುಂಡೆಯ ಸಾರು ಮಾರುತ್ತಿದ್ದ ಮುದುಕಿ. ಅವಳ ಒಬ್ಬನೇ ಮಗ ಗ್ವೀಹೋಂಗ್ ಟ್ಯೂನಾ ಹಡಗಿನಿಂದ ಮರಳಿರಲಿಲ್ಲ. ಮನೆಯಲ್ಲಿದ್ದ ಅವನ ಚಿತ್ರಕ್ಕೆ ಬೂಷ್ಟು ಹಿಡಿದು ಕಣ್ಣೊಂದು ಅಳಿಸಿಹೋಗಿತ್ತು. ಹುಣ್ಣಿಮೆಯ ಪೂಜೆಗೆ ಹೊಸದು ಬೇಕು.

“ಕಣ್ಣಿಲ್ಲದೆ ದಾರಿ ಹೇಗೆ ಗೊತ್ತಾಗುತ್ತೆ ಅವನಿಗೆ? ಬೇಗ ಮಾಡ್ಕೊಡೇ ಲ್ವಾನ್.”

“ಕಂಪ್ಯೂಟರ್ ಕೆಲಸದಲ್ಲಿದೆ ದೊಡ್ಡಮ್ಮ. ಮುಗಿದ ಕೂಡಲೇ ಮಾಡ್ತೀನಿ. ಕೂತ್ಕೊಳ್ಳಿ.”

ಅಮಾನ್ ಕೂರಲಿಲ್ಲ. ಚೀಲದಿಂದ ಹೊಚ್ಚಹೊಸ ಹಸಿರು ಪೊಟ್ಟಣವೊಂದನ್ನು ತೆಗೆದಳು. “ಹೊಸ ಡಿಸ್ಕು ಬಂದಿದೆಯಂತೆ, ದಾರೀಲಿ ಯುಂಗ್‌ಟೌ ಹೇಳ್ದ. ಅವನಿಗೂ ಒಂದು ಬೇಡ್ವಾ?”

“ಮೇಲೊಂದು ಇದೆಯಲ್ಲ.”

“ದೇವರ ತಲೆ ಮೇಲೆ ಯಾರಾದ್ರೂ ಎಡೆ ಇಡ್ತಾರೇನೇ? ಓದಿ ಓದಿ ಬುದ್ಧಿ ಕೆಟ್ಟಿದೆ ನಿಂಗೆ. ಎದುರಿಗೆ ಇಡ್ಬೇಕು.” ಮುದುಕಿ ಪೊಟ್ಟಣವನ್ನು ಕಂಪ್ಯೂಟರಿನ ಮುಂಭಾಗಕ್ಕೆ ಒರಗಿಸಿ ನಿಲ್ಲಿಸಿ ಕೈಜೋಡಿಸಿದಳು. ಮಾತು ಸರಿಯೆನಿಸಿ ಯೂಲ್ವಾನ್ ತಾನೇ ಬಗ್ಗಿ, ಓರೆಯಾಗಿದ್ದ ಅದನ್ನು ನೇರ ಮಾಡಿದಳು.

ಅಮಾನ್ ಕುಳಿತು ಕಲ್ಲಂಗಡಿ ಬೀಜ ಕಚ್ಚತೊಡಗಿದಳು. ಯೂಲ್ವಾನಳ ಕಣ್ಣು ಪರದೆಯ ಮೂಲೆಯನ್ನು ಬಿಡಲಿಲ್ಲ. ಒಂದೊಂದೇ ಮುಖ ಹಳೆಯ ಡಿಸ್ಕಿನಿಂದ ಹೊಸದಕ್ಕೆ ದಾಟುತ್ತಿತ್ತು. ಅಂಕಿ ನಲವತ್ತನಾಲ್ಕಾಯಿತು. ಮಧ್ಯಾಹ್ನದ ಬಿಸಿಲೆಂದುಕೊಂಡು ಕಿಟಕಿಯ ಪರದೆ ಎಳೆದಳು. ನಲವತ್ತೇಳಾಯಿತು. ಕೈಯಿಟ್ಟು ನೋಡಿದರೆ ಪೆಟ್ಟಿಗೆಯ ಮಗ್ಗುಲು ಆಗತಾನೆ ಇಳಿಸಿದ ಅನ್ನದ ಪಾತ್ರೆಯ ಮುಚ್ಚಳದಂತಿತ್ತು. ಟಕ್. ಟಕ್. ಸದ್ದು ಒತ್ತೊತ್ತಾಗುತ್ತಿತ್ತು. ಅಥವಾ ಅದು ಬೀಜದ ಸದ್ದೋ?

“ದೊಡ್ಡಮ್ಮ, ಸ್ವಲ್ಪ ಬೀಜ ನಿಲ್ಲಿಸ್ತೀರಾ?”

“ಬೀಜ ತಿನ್ನೋದಕ್ಕೂ ನಿನ್ನ ಅಪ್ಪಣೆ ಬೇಕೇನೇ?” ಎಂದರೂ ಅಮಾನ್ ನಿಲ್ಲಿಸಿದಳು. ಸದ್ದು ನಿಲ್ಲಲಿಲ್ಲ. ಟಕ್. ಟಕ್. ಟಕ್.

ಐವತ್ತೊಂದು. ಯೂಲ್ವಾನ್ ಯುಂಗ್‌ಟೌನಿಗೆ ಕರೆ ಮಾಡಿದಳು.

“ಫ್ಯಾನ್ ತಿರುಗ್ತಿದೆಯಾ ಅಕ್ಕಾ?”

“ತಿರುಗ್ತಿದೆ. ಆದ್ರೆ ಸದ್ದು ಬೇರೆ ಥರ ಇದೆ. ಏದುಸಿರು ಬಿಟ್ಟ ಹಾಗೆ.”

“ಹಿಂದ್ಗಡೆ ಕೈ ಹಿಡೀರಿ. ಗಾಳಿ ಬರ್ತಿದೆಯಾ?”

“ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ.”

“ಹಾಗಾದ್ರೆ ಮುಂದೆ ಏನೋ ಅಡ್ಡ ಇದೆ, ನೋಡಿ.”

ಯೂಲ್ವಾನ್ ಮಂಡಿಯೂರಿದಳು. ಫ್ಯಾನಿನ ಸೆಳೆತಕ್ಕೆ ಹಸಿರು ಪೊಟ್ಟಣ ಜಾಲರಿಗೆ ಅಂಟಿಕೊಂಡು, ಮೂಗು ಬಾಯಿ ಒತ್ತಿ ಹಿಡಿದ ಅಂಗೈಯಂತೆ ಮುಚ್ಚಿಬಿಟ್ಟಿತ್ತು.

“ಹಸಿರು ಪೊಟ್ಟಣ,” ಎಂದಳು ಪಿಸುದನಿಯಲ್ಲಿ.

“ತೆಗೀ... ತಾಳಿ, ತಾಳಿ! ಕೆಲಸ ನಡೀತಿದೆ ಅಲ್ವಾ? ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಒಬ್ಬ ಹೀಗೇ ತೆಗೆದ. ಕೈ ತೊಳ್ಕೊಂಡು ಬರೋಷ್ಟರಲ್ಲಿ ಕಂಪ್ಯೂಟರ್ ಕಪ್ಪಾಯ್ತು.”

“ನೀನು ಕಾಲೇಜು ಓದಿದವನು ಯುಂಗ್‌ಟೌ!”

“ಓದಿದ್ದೀನಿ, ಅದಕ್ಕೇ ಹೆದರಿಕೆ. ನೋಡಿ, ತೆಗೀರಿ ಅಂತ ನಾನು ಹೇಳಿಲ್ಲ. ತೆಗೀಬೇಡಿ ಅಂತಲೂ ಹೇಳಿಲ್ಲ. ನಾನು ಬರ್ತಿದ್ದೀನಿ, ಸ್ಕೂಟರ್ ಹತ್ತಿದೆ.”

ಫೋನು ನಿಂತಿತು. ಐವತ್ತೈದು. ಯೂಲ್ವಾನ್ ಕೈ ಚಾಚಿದಳು. ಬೆರಳು ಪೊಟ್ಟಣಕ್ಕೆ ತಾಗುವಷ್ಟರಲ್ಲಿ ಟಕ್ ಎಂದಿತು. ಕೆಂಡ ಮುಟ್ಟಿದವಳಂತೆ ಹಿಂದೆಗೆದುಕೊಂಡಳು. ಬಿಟ್ಟರೆ ಬೆಂದು ಸಾಯುತ್ತದೆ, ತೆಗೆದರೆ ಮುನಿದು ಸಾಯುತ್ತದೆ, ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ. ಒಳಗೆ ಇನ್ನೂ ದಾಟದೆ ಉಳಿದವರು, ತಾನು ಕೋಟು ತೊಡಿಸಿದ ಹುಡುಗರು, ಮುಳುಗುವ ಹಡಗಿನಲ್ಲಿ ಸಾಲು ನಿಂತಂತೆ ಅವಳಿಗೆ ಕಂಡರು. ಇವರು ಎರಡನೆಯ ಸಲ ಹೋದರೆ ಹುಡುಕಿ ತರಲು ಇನ್ನೆಲ್ಲೂ ಜಾಗವಿಲ್ಲ.

“ಯಾಕೇ, ಮುಖ ಸುಣ್ಣದ ಹಾಗಾಗಿದೆ?” ಅಮಾನ್ ಎದ್ದು ಬಂದಳು.

ಯೂಲ್ವಾನ್ ಎಂದೂ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಈಗ ನೆಲ ನೋಡುತ್ತ ಹೇಳಿದಳು. “ಗ್ವೀಹೋಂಗನ ಚಿತ್ರ ಇದರೊಳಗೆ ಮಾತ್ರ ಇದೆ ದೊಡ್ಡಮ್ಮ. ಬೇರೆಲ್ಲೂ ಇಲ್ಲ. ಭದ್ರವಾಗಿದೆ ಅಂತ ನಾನು ಹೇಳ್ತಾ ಇದ್ದದ್ದು ಬರೀ ಬಾಯಿಮಾತು. ಇದು ಬಿಸಿಯಾಗಿ ಸಾಯ್ತಿದೆ. ನೀವು ಇಟ್ಟ ಪೊಟ್ಟಣ ಗಾಳಿಗೆ ಅಡ್ಡ ಬಂದಿದೆ. ತೆಗೆಯೋಕೆ ನಂಗೆ ಭಯ.”

ಅಮಾನ್ ಬೈಯುತ್ತಾಳೆಂದು ಯೂಲ್ವಾನ್ ಕಾದಳು. ಮುದುಕಿ ಬೈಯಲಿಲ್ಲ, ಅಂಗಿಯ ಜೇಬಿನಲ್ಲಿ ತಡಕಾಡಿ ಎರಡು ನಾಣ್ಯ ತೆಗೆದಳು.

“ನಾನೇ ಇಟ್ಟದ್ದು, ನಾನೇ ತೆಗೀತೀನಿ. ಆದ್ರೆ ತಿನ್ನೋವಾಗ ತಟ್ಟೆ ಎಳ್ಕೊಂಡ್ರೆ ಯಾರಿಗೆ ಕೋಪ ಬರಲ್ಲ? ಉಂಡು ಆಯ್ತಾ ಅಂತ ಕೇಳ್ಬೇಕು.”

ಮನೆಯಲ್ಲಿ ಹಿರಿಯರಿಗೆ ಎಡೆಯಿಟ್ಟಾಗಲೂ ಹೀಗೆಯೇ ಕೇಳುವುದು. ಎಸೆದ ಎರಡು ನಾಣ್ಯಗಳಲ್ಲಿ ಒಂದು ತಲೆಯ ಬದಿ, ಒಂದು ಹೂವಿನ ಬದಿ ಮೇಲಾಗಿ ಬಿದ್ದರೆ ಆಯಿತೆಂದು ಅರ್ಥ. ಅಮಾನ್ ನಾಣ್ಯಗಳನ್ನು ಹಣೆಗೊತ್ತಿ ನೆಲಕ್ಕೆ ಚೆಲ್ಲಿದಳು. ಎರಡೂ ತಲೆ.

“ನಗ್ತಿದ್ದಾನೆ, ಉತ್ತರ ಕೊಡ್ತಿಲ್ಲ.”

ಐವತ್ತೇಳು. “ಬೇಗ ದೊಡ್ಡಮ್ಮ!”

ಮತ್ತೆ ಚೆಲ್ಲಿದಳು. ಎರಡೂ ಹೂವು. ಇನ್ನೂ ಆಗಿಲ್ಲ. ಪೆಟ್ಟಿಗೆಯೊಳಗಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಪರದೆಯ ಮೇಲೆ ಮುಖಗಳು ದಾಟುವುದು ನಿಂತುಹೋಯಿತು. ಬಹಳ ಹೊತ್ತಿನ ಮೇಲೆ ಒಂದೇ ಒಂದು ದಾಟಿತು. ಐವತ್ತೆಂಟು.

ಅಮಾನ್ ಮೂರನೆಯ ಸಲ ಚೆಲ್ಲಿದಳು. ಒಂದು ನಾಣ್ಯ ಕಾಲ ಬಳಿ ತಲೆಯಾಗಿ ಬಿತ್ತು. ಇನ್ನೊಂದು ಅಂಚಿನ ಮೇಲೆ ಉರುಳುತ್ತ ಉರುಳುತ್ತ ಚೌಕಟ್ಟುಗಳ ಭಾರದ ಬೀರುವಿನ ಅಡಿಗೆ ಹೋಯಿತು. ಇಬ್ಬರೂ ಆ ಕತ್ತಲನ್ನು ನೋಡಿದರು.

“ಹೂವೇ ಬಿದ್ದಿದೆ,” ಎಂದಳು ಅಮಾನ್.

“ನೀವು ನೋಡಲಿಲ್ಲವಲ್ಲ.”

“ನನ್ನ ಮಗ ಒಳಗಿದ್ದಾನೆ ಕಣೇ. ನೋಡ್ತಾ ಕೂರೋಕಾಗುತ್ತಾ?” ಎಂದವಳೇ ಬಗ್ಗಿ ಪೊಟ್ಟಣವನ್ನು ಜಾಲರಿಯಿಂದ ಕಿತ್ತಳು.

ಫ್ಯಾನು ಒಮ್ಮೆ ಗುಡುಗಿತು. ಟಕ್ ಎಂಬ ದೊಡ್ಡ ಸದ್ದಾಯಿತು. ಪರದೆ ಕಪ್ಪಾಗಲಿಲ್ಲ. ಐವತ್ತೆಂಟು ಹಾಗೆಯೇ ನಿಂತಿತು, ನಿಂತೇ ಇತ್ತು, ಆಮೇಲೆ ಐವತ್ತೇಳಾಯಿತು.

ಯುಂಗ್‌ಟೌ ಓಡಿ ಬಂದಾಗ ಅಂಕಿ ನಲವತ್ತೊಂದರಲ್ಲಿತ್ತು. ಇಬ್ಬರು ಹೆಂಗಸರು ಯಂತ್ರದ ಮುಂದೆ ನೆಲದ ಮೇಲೆ ಕುಳಿತಿದ್ದರು. ಅಮಾನಳ ಮಡಿಲಲ್ಲಿ ಹಸಿರು ಪೊಟ್ಟಣವಿತ್ತು. ಕೆಲಸ ಮುಗಿಯುವವರೆಗೂ ಅವಳು ಅದನ್ನು ಕೆಳಗಿಡಲಿಲ್ಲ. ಕೊನೆಯ ಮುಖ ದಾಟಿದ ಮೇಲೆ ಯೂಲ್ವಾನ್ ಕಂಪ್ಯೂಟರ್ ನಿಲ್ಲಿಸಿ ಮತ್ತೆ ಹಚ್ಚಿದಳು. ಹೊಸ ಡಿಸ್ಕು ಎದ್ದಿತು. ಹಳೆಯದು ಏಳಲಿಲ್ಲ. ಯುಂಗ್‌ಟೌ ಅದನ್ನು ಮುಟ್ಟಿ ಕೈ ತೆಗೆದ.

ಸಂಜೆಯೊಳಗೆ ಗ್ವೀಹೋಂಗನ ಚಿತ್ರ ಎರಡು ಕಣ್ಣುಗಳೊಂದಿಗೆ ಅಮಾನಳ ಕೈಸೇರಿತು. ಮರುದಿನ ಯೂಲ್ವಾನ್ ಇನ್ನೊಂದು ಡಿಸ್ಕ್ ತರಿಸಿದಳು, ನಡುವೆ ಒಂದು ಗೂಡು ಖಾಲಿ ಬಿಟ್ಟು ತಾನೇ ಕೂರಿಸಿದಳು. ಅಂದಿನಿಂದ ಬಂದವರಿಗೆ “ಎರಡು ಕಡೆ ಇದೆ” ಎನ್ನುತ್ತಿದ್ದಳೇ ಹೊರತು ಭದ್ರವೆಂಬ ಮಾತನ್ನು ಆಡಲಿಲ್ಲ. ಹಸಿರು ಪೊಟ್ಟಣ ನೆತ್ತಿಯ ಮೇಲೇ ಇರುತ್ತಿತ್ತು. ಹೊಸ ವರ್ಷಕ್ಕೆ ಅಂಗಡಿ ತೊಳೆಯುವಾಗ ಅವಳು ಎಲ್ಲವನ್ನೂ ಸರಿಸುತ್ತಿದ್ದಳು, ಅಡಿಗೆ ನಾಣ್ಯ ಸೇರಿದ ಚೌಕಟ್ಟುಗಳ ಬೀರುವೊಂದನ್ನು ಬಿಟ್ಟು.