ಮೂವತ್ತೆಂಟು ರನ್ನಿನ ಫೈನಲ್

ಎಪ್ಪತ್ತರ ದಶಕದ ನಡುವೆ ಒಂದು ಭಾನುವಾರ, ರಾಜಾಜಿನಗರದ ಕೈಗಾರಿಕಾ ವಸಾಹತಿನ ಹಿಂದಿದ್ದ ಮೈದಾನದಲ್ಲಿ ಎರಡು ಕಾರ್ಖಾನೆಗಳ ನಡುವೆ ಕ್ರಿಕೆಟ್ ಫೈನಲ್ ನಡೆಯಿತು. ಪತ್ರಿಕೆಯಲ್ಲಿ ನನಗೆ ಹೊಸ ಕೆಲಸ. ಸ್ಕೋರು ತರಲು ಕಳಿಸಿದ್ದರು. ಮೊದಲು ಆಡಿದ ಪಂಪಿನ ಕಾರ್ಖಾನೆಯವರು ಊಟಕ್ಕೆ ಮುಂಚೆಯೇ ಮೂವತ್ತೆಂಟಕ್ಕೆ ಆಲೌಟಾದರು. ಬೇಗ ಮನೆ ಸೇರಬಹುದು ಎಂದುಕೊಂಡೆ.

ಆ ತಂಡದ ವೇಗದ ಬೌಲರ್ ಲೇತ್ ಯಂತ್ರದ ಮೇಲಿನ ಟೆಂಪರರಿ ಕೆಲಸಗಾರ. ಅವನನ್ನು ಆಗಾಗ ತೆಗೆದುಹಾಕಿ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಸ್ಕೋರರ್ ನನ್ನ ಕಡೆ ಬಾಗಿ ಹೇಳಿದ: "ಕಪ್ ಬಂದ್ರೆ ಪರ್ಮನೆಂಟ್ ಅಂತ ಆಫೀಸರ್ ಮಾತು ಕೊಟ್ಟವ್ರೆ ಸಾರ್. ಹುಡುಗಿ ಮನೆಯೋರು ಇವತ್ತಿನ ಮ್ಯಾಚ್‌ಗೇ ಕಾಯ್ತಾ ಅವ್ರೆ." ಆ ಆಫೀಸರ್ ಶಾಮಿಯಾನದ ಕೆಳಗೆ ಕುಳಿತು ಕಿತ್ತಳೆ ಸುಲಿಯುತ್ತಿದ್ದರು.

ಈ ಪಂದ್ಯಗಳಲ್ಲಿ ಬೇರೆ ಅಂಪೈರ್ ಇರುತ್ತಿರಲಿಲ್ಲ. ಬ್ಯಾಟ್ ಮಾಡುವ ತಂಡದವರೇ ಇಬ್ಬರು ಬಿಳಿ ಕೋಟು ಹಾಕಿ ನಿಲ್ಲುತ್ತಿದ್ದರು. ಚೆಂಡು ವಿಕೆಟ್ಟಿನ ನೇರಕ್ಕೆ ಕಾಲಿಗೆ ಬಡಿದರೂ ತಮ್ಮವನಿಗೆ ಎಲ್‌ಬಿ ಕೊಡುವವರು ಯಾರು? ಹಾಗಾಗಿ ಬೌಲರುಗಳು ಅದಕ್ಕೆ ಅಪೀಲು ಮಾಡಿ ಕೇಳುವುದನ್ನೇ ಬಿಟ್ಟಿದ್ದರು. ಕೇಳದೆ ಅಂಪೈರ್ ಬೆರಳೆತ್ತುವಂತಿಲ್ಲ, ಅದು ಆಟದ ನಿಯಮ.

ಊಟವಾದ ಮೇಲೆ ನಾನು ಕಂಡದ್ದನ್ನು ಈಗಲೂ ಪೂರ್ತಿ ನಂಬಲಾಗುವುದಿಲ್ಲ. ಹಾಸಿದ ನಾರಿನ ಮ್ಯಾಟಿನ ಮೇಲೆ ಆ ವೇಗದ ಬೌಲರನ ಚೆಂಡು ಬಿದ್ದು ಎದ್ದ ಸದ್ದು ಬೌಂಡರಿಯವರೆಗೆ ಕೇಳುತ್ತಿತ್ತು. ಅಂಪೈರ್ ಬೇಡದ ಔಟು ಒಂದೇ, ಸ್ಟಂಪು ಉರುಳಿಸುವುದು. ಅವನು ಅದನ್ನೇ ಮಾಡಿದ. ಎದುರಾಳಿ ಬಲ್ಬಿನ ಕಾರ್ಖಾನೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೌಲ್ಡ್. ಆದರೂ ಇನ್ನೊಂದು ತುದಿಯಿಂದ ರನ್ನು ಒಂದೊಂದಾಗಿ ಸೋರಿತು. ಒಂಬತ್ತನೆಯವನು ಔಟಾದಾಗ ಸ್ಕೋರು ಮೂವತ್ತಾರು. ಗೆಲ್ಲಲು ಮೂರು ಬೇಕು, ಉಳಿದವನು ಒಬ್ಬ.

ಆ ಕೊನೆಯವನು ಬಂದು ನಿಂತ. ಅದೇ ವೇಗದ ಬೌಲರನ ಚೆಂಡು ಒಳಕ್ಕೆ ತಿರುಗಿ, ಮಧ್ಯದ ಸ್ಟಂಪಿನ ಎದುರಿಗಿದ್ದ ಪ್ಯಾಡಿಗೆ ಬಡಿಯಿತು. ಯಾರೂ ಕೂಗಲಿಲ್ಲ. ಬೌಲರ್ ತಲೆ ಕೆರೆದುಕೊಂಡು ಓಟದ ಗುರುತಿನ ಕಡೆ ಹಿಂದಿರುಗಿದ.

ಅಂಪೈರ್ ಆಗಿದ್ದವನು ಬಲ್ಬಿನ ಕಾರ್ಖಾನೆಯ ಆರಂಭಿಕ ಬ್ಯಾಟ್ಸ್‌ಮನ್, ಸ್ವಲ್ಪ ವಯಸ್ಸಾದವನು, ಆಗಲೇ ಸೊನ್ನೆಗೆ ಔಟಾಗಿದ್ದವನು. ಯಂತ್ರಗಳ ನಡುವೆ ಕೂಗಿ ಪಳಗಿದ ಗಂಟಲು. ಇಡೀ ಮೈದಾನಕ್ಕೆ ಕೇಳಿತು:

"ಏನಯ್ಯಾ, ಕೇಳಲ್ವಾ?"

ಬೌಲರ್ ತಿರುಗಿದ. "ಏನ್ ಕೇಳ್ಲಿ ಅಣ್ಣ?"

"ಕೇಳಯ್ಯಾ ಅಂದ್ರೆ!"

"ಲೇ ಗುರು, ಬಾಯ್ ಮುಚ್ಕೊಂಡ್ ನಿಂತ್ಕೊಳೋ!" ಎಂದು ಬಲ್ಬಿನವರ ಗುಂಪಿನಿಂದ ಯಾರೋ ಅರಚಿದರು.

ಬೌಲರ್ ಗಂಟಲು ಸರಿಮಾಡಿಕೊಂಡ. ಅಪೀಲು ಅನ್ನುವಂತೆಯೇ ಇರಲಿಲ್ಲ, ಅಂಗಡಿಯಲ್ಲಿ ಬೆಲೆ ವಿಚಾರಿಸಿದಂತಿತ್ತು: "ಔಟಾ ಅಣ್ಣ?"

ಬೆರಳು ಮೇಲೆ ಹೋಯಿತು.

ಗೆದ್ದವರಿಗೂ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಎಷ್ಟೋ ದೊಡ್ಡ ಪಂದ್ಯಗಳನ್ನು ವರದಿ ಮಾಡಿದ್ದೇನೆ. ಅಂಥ ಬೆರಳನ್ನು ಮತ್ತೆ ನೋಡಲಿಲ್ಲ.

ಬಲ್ಬಿನವರು ಅಂಪೈರನ್ನು ಸುತ್ತುವರಿದರು. "ಯಾವ ಕಂಪನಿ ಸಂಬಳ ತಗೊಳ್ತೀಯೋ ನೀನು?"

"ನೆಟ್ಟಗೆ ಮಿಡ್ಲ್ ಸ್ಟಂಪ್‌ಗಿತ್ತು ಕಣ್ರೋ, ಏನ್ ಮಾಡ್ಲಿ?" ಎನ್ನುತ್ತ ಅವನು ಕೋಟಿನ ಗುಂಡಿ ಬಿಚ್ಚುತ್ತಿದ್ದ. ಒಬ್ಬ ಅವನ ಕಾಲರ್ ಹಿಡಿದ.

ಇತ್ತ ಆಫೀಸರ್ ಬೌಲರನ್ನು ಕರೆದು ಬೆನ್ನು ತಟ್ಟಿದರು. "ನಾಳೆ ಬಂದು ನೋಡಯ್ಯಾ ನನ್ನ. ಆರ್ಡರ್ ಮಾಡಿಸ್ತೀನಿ. ಇನ್ನೇನ್ ಬೇಕು ಹೇಳು?"

ಅವನ ಕಣ್ಣು ಆ ಗುಂಪಿನ ಮೇಲಿತ್ತು. "ಸಾರ್, ಆ ಅಂಪೈರಣ್ಣನ್ನ ಬಿಟ್ಬಿಡೋಕೆ ಒಂದ್ ಮಾತು ಹೇಳಿ ಸಾರ್."

"ಅದು ಬೇರೆ ಕಾರ್ಖಾನೆ ಕಣಯ್ಯಾ, ನನ್ ಮಾತು ಯಾರು ಕೇಳ್ತಾರೆ?" ಎಂದರು ಆಫೀಸರ್.

ಅಷ್ಟರಲ್ಲಿ ಬೌಲರ್ ಆ ಕಡೆ ಓಡುತ್ತಿದ್ದ.