ಬೀಗರ ಟಗರಿನ ಉಣ್ಣೆ ಬಿಡಿಸಿದ ಜೂರಕಾನ್

ನಮ್ಮ ಊರಿನ ಕುರಿಗಳನ್ನು ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವವಳು ಜೂರಕಾನ್. ಅವಳ ಮನೆಗೂ ನನ್ನ ಮನೆಗೂ ಗೋಡೆ ಒಂದೇ. ಮೊದಲು ಇದು ಅವಳ ಗಂಡ ಸಾಗಿನ್ ಮಾಡುತ್ತಿದ್ದ ಕೆಲಸ. ಕುದುರೆಯಿಂದ ಬಿದ್ದು ಅವನ ಸೊಂಟ ಹೋದ ಮೇಲೆ ಇವಳು ಜೀನು ಹತ್ತಿದಳು.

ಅವನು ಕಾಯುತ್ತಿದ್ದ ಕೊನೆಯ ವರ್ಷ ಮಂದೆಗೆ ಕಜ್ಜಿ ಬಂತು. ಬಂದದ್ದು ಅವನ ತಂಗಿಯ ಮನೆಯವರು ಉಡುಗೊರೆಯಾಗಿ ತಂದ ಕುರಿಯಿಂದ. ಉಡುಗೊರೆಯ ಪ್ರಾಣಿಯನ್ನು ಕೊಟ್ಟವರ ಕಣ್ಣೆದುರೇ ಮಂದೆಗೆ ಬಿಡುವುದು ನಮ್ಮ ಪದ್ಧತಿ. ಮೈ ತಡಕಿ ನೋಡಿದರೆ ಕೊಟ್ಟವರ ಮುಖಕ್ಕೆ ಉಗಿದ ಹಾಗೆ. ಸಾಗಿನ್ ನೋಡಲಿಲ್ಲ. ಹಿಮ ಬೀಳುವ ಹೊತ್ತಿಗೆ ಕುರಿಗಳು ಗೋಡೆಗೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಳೆದುಕೊಂಡವು. ಬರೀ ಚರ್ಮದಲ್ಲಿ ಚಳಿ ತಡೆಯದೆ ಎಷ್ಟೋ ಸತ್ತವು. ನನ್ನವೂ ಹೋದವು. ಜನ ಉಳಿದ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿದರು. ಜೂರಕಾನ್ ಮನೆಮನೆಗೆ ಹೋಗಿ, ಬೈಸಿಕೊಂಡು, ಮಂದೆಯನ್ನು ಮತ್ತೆ ತನ್ನ ಕೈಗೆ ತಂದುಕೊಂಡಳು.

ಆಮೇಲೆ ಅವಳು ದೊಡ್ಡಿಯ ಬಾಗಿಲಲ್ಲಿ ನಿಂತು ಪ್ರತಿ ಕುರಿಯನ್ನೂ ಮೊಣಕಾಲುಗಳ ನಡುವೆ ಹಿಡಿದು, ಭುಜದಲ್ಲಿ ಒಮ್ಮೆ, ಬಾಲದ ಬುಡದಲ್ಲಿ ಒಮ್ಮೆ ಉಣ್ಣೆ ಬಿಡಿಸಿ ನೋಡಿಯೇ ಒಳಗೆ ಬಿಡುತ್ತಿದ್ದಳು.

ಮಗಳು ಜಿಪಾರ್‌ಳನ್ನು ಕಣಿವೆಯಾಚೆ ಕೊಟ್ಟಿತ್ತು. ಚಳಿಗಾಲದಲ್ಲಿ ಅವಳಿಗೆ ಗಂಡುಮಗುವಾಯಿತು. ದಾರಿ ಮುಚ್ಚಿದ್ದರಿಂದ ಜೂರಕಾನ್ ಮೊಮ್ಮಗನ ಮುಖ ನೋಡಿರಲಿಲ್ಲ. ಬೇಸಿಗೆಗೆ ತಾಯಿ ಮಗು ಇಬ್ಬರನ್ನೂ ಹುಲ್ಲುಗಾವಲಿಗೆ ಕಳಿಸುತ್ತೇವೆಂದು ಬೀಗರು ಮಾತು ಕೊಟ್ಟಿದ್ದರು.

ಮಂದೆ ಹೊರಡುವ ಹಿಂದಿನ ದಿನ ಬೀಗ ಕಲಿಚ್, ಅವನ ಹೆಂಡತಿ ಬಾತ್ಮಾ ಇಬ್ಬರೂ ಒಂದು ಟಗರು ಹಿಡಿದುಕೊಂಡು ಬಂದರು. ಊರವರೆಲ್ಲ ದೊಡ್ಡಿಯ ಹತ್ತಿರವೇ ಇದ್ದೆವು.

"ಬಾಗ್ಲು ತೆಗೀರಿ ಬೀಗಿತ್ತಿ! ನಿಮ್ಮ ಅಳಿಯನಿಗಿಂತ ದಪ್ಪಗಿದಾನೆ ಇವ್ನು," ಎಂದಳು ಬಾತ್ಮಾ.

"ಅವನಷ್ಟು ಸೋಮಾರಿ ಅಲ್ಲ ತಾನೆ?" ಎಂದು ಜೂರಕಾನ್ ನಕ್ಕಳು. ಅಷ್ಟರಲ್ಲಿ ಟಗರು ಕತ್ತು ತಿರುಗಿಸಿ ತನ್ನ ಭುಜದ ಉಣ್ಣೆ ಕಚ್ಚಿ ಎಳೆಯಿತು. ಅವಳ ನಗು ನಿಂತಿತು.

ಸಾಗಿನ್ ಬೆಂಚಿನ ಮೇಲಿಂದ ಮೆಲ್ಲಗೆ ಹೇಳಿದ, "ಒಳಗ್ ಬಿಡೇ. ಮಗಳು ಅವರ ಮನೇಲಿದಾಳೆ."

"ನಿಮ್ಮ ತಂಗಿ ಕುರಿನೂ ಹೀಗೇ ಒಳಗ್ ಬಿಟ್ರಿ."

ಅವನು ಮುಖ ಬೇರೆ ಕಡೆ ತಿರುಗಿಸಿದ.

ಜೂರಕಾನ್ ಮಂಡಿಯೂರಿ ಉಣ್ಣೆ ಬಿಡಿಸಿದಳು. ಕೆಂಪು ಚರ್ಮ, ಅದರ ಮೇಲೆ ಹಳದಿ ಹಕ್ಕಳೆ. ಬೆರಳಿನಿಂದ ಕೆರೆದಾಗ ಟಗರು ತುಟಿ ಚಪ್ಪರಿಸಿತು. ಕಜ್ಜಿ ಹತ್ತಿದ ಕುರಿಗೆ ಕೆರೆದರೆ ಅಷ್ಟು ಸುಖ.

"ನಾವೇನು ಸಂತೇಲಿ ಮಾರೋಕ್ ಬಂದವ್ರಾ?" ಬಾತ್ಮಾಳ ಮುಖ ಬಿಳಿಚಿಕೊಂಡಿತು.

"ತಪ್ಪು ನಿಮ್ದು ಅಂತ ನಾನ್ ಹೇಳ್ಲಿಲ್ಲ ಬೀಗಿತ್ತಿ. ಹುಳ ಟಗರಿನ ಮೈಮೇಲಿದೆ. ಒಳಗಿರೋದು ಊರವರ ಕುರಿ."

"ಹಾಗಾದ್ರೆ ಕುರಿಗಳನ್ನೇ ಆಡಿಸ್ಕೊಂಡಿರು. ಮೊಮ್ಮಗ ಯಾಕೆ ನಿಂಗೆ?"

ಬಂದ ಮನೆಯ ರೊಟ್ಟಿ ಮುಟ್ಟದೆ ಹೋಗಬಾರದೆಂಬ ಪದ್ಧತಿಗೆ ನಿಂತಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಇಬ್ಬರೂ ಟಗರಿನ ಸಮೇತ ಹಿಂದಿರುಗಿದರು.

ನಾನು ಆ ಬೇಸಿಗೆ ಹಾಲು ಕರೆಯಲು ಅವಳ ಜೊತೆ ಮೇಲೆ ಹೋಗಿದ್ದೆ. ಜಿಪಾರ್ ಬರಲಿಲ್ಲ. ಜೂರಕಾನ್ ಮಗುವಿಗೆಂದು ಹೊಲಿದ ಟೊಪ್ಪಿಯನ್ನು ಸುಮ್ಮನೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಹುಲ್ಲು ಒಣಗುವ ಮೊದಲೇ ಕಲಿಚ್ ಒಬ್ಬನೇ ಬಂದ. ಕುದುರೆಯಿಂದ ಇಳಿಯಲಿಲ್ಲ.

"ನಮ್ಮವೂ ಮೈ ಉಜ್ಜಕ್ ಶುರು ಮಾಡಿವೆ. ಆ ಟಗರು ಚಳಿಗಾಲವೆಲ್ಲ ಅವುಗಳ ಜೊತೇಲೇ ಇತ್ತು. ನೀವ್ ಬಂದ್ರೆ..."

"ಬೀಗಿತ್ತಿ ಕಳಿಸಿದ್ರಾ?"

"ಇಲ್ಲ. ಅವಳು ಕೇಳಿದ್ರೆ ಕುರಿಗೆ ಔಷಧ ಹಾಕೋ ತೊಟ್ಟೀಲಿ ನನ್ನನ್ನೇ ಮುಳುಗಿಸ್ತಾಳೆ."

ಮಂದೆಯನ್ನು ಪಕ್ಕದ ಗುಡಾರದವರಿಗೆ ಒಪ್ಪಿಸಿ ನಾವಿಬ್ಬರೂ ಹೋದೆವು. ಉಣ್ಣೆ ಕತ್ತರಿಸಿ ಸುಟ್ಟೆವು. ಔಷಧ ಕಲಸಿದ ನೀರಿನ ತೊಟ್ಟಿಗೆ ಜೂರಕಾನ್ ಒಂದೊಂದೇ ಕುರಿಯನ್ನು ಇಳಿಸಿದಳು, ನಾನು ಕವೆಗೋಲಿನಿಂದ ತಲೆ ಒಮ್ಮೆ ಅದುಮಿ ಬಿಟ್ಟೆ. ಮೊಟ್ಟೆ ಒಡೆದು ಮರಿಹುಳ ಬಂದ ಮೇಲೆ ಮತ್ತೊಮ್ಮೆ ಮುಳುಗಿಸಬೇಕು, ಹಳೆಯ ದೊಡ್ಡಿಗೆ ಸದ್ಯ ಬಿಡಬಾರದು ಎಂದು ಕಲಿಚ್‌ಗೆ ಹೇಳಿದಳು.

ಬಾತ್ಮಾ ಇಡೀ ದಿನ ಬಾಗಿಲಲ್ಲಿ ನಿಂತು ನೋಡಿದಳು. ಸಂಜೆ ಜಿಪಾರ್ ಮಗುವನ್ನು ಎತ್ತಿಕೊಂಡು ಓಡಿಬಂದಳು. ಜೂರಕಾನ್ ಹಿಂದೆ ಸರಿದಳು.

"ಈ ಹುಳದ ಬಟ್ಟೇಲಿ ಮುಟ್ಟಲ್ಲ ಕಣೇ. ದೂರ ನಿಲ್ಲು. ಇಲ್ಲಿಂದಲೇ ನೋಡ್ತೀನಿ."

ಬಾತ್ಮಾ ಒಳಗೆ ಹೋದಳು. ನೀರು ಕಾಯಿಸಿದಳು. ತನ್ನ ಒಗೆದ ನಿಲುವಂಗಿಯೊಂದನ್ನು ತಂದು ಬೀಗಿತ್ತಿಯ ಮುಂದೆ ಹಿಡಿದಳು.

"ಮೈ ತೊಳ್ಕೊಂಡು ಇದನ್ನ ಹಾಕ್ಕೋ. ನಂದೇ. ಬೇಕಾದ್ರೆ ಹೊಲಿಗೆ ಬಿಡಿಸಿ ನೋಡು, ಹುಳ ಇದ್ದಾವೇನೋ."

ಜೂರಕಾನ್ ಅದನ್ನು ಬೆಳಕಿಗೆ ಹಿಡಿದಳು. ಒಳಗೆ ಹೊರಗೆ ಮಗುಚಿ ಹೊಲಿಗೆಯನ್ನೆಲ್ಲ ನಿಧಾನವಾಗಿ ನೋಡಿದಳು. ಬಾತ್ಮಾ ಕಾದು ನಿಂತಿದ್ದಳು. ಆಮೇಲೆ ಜೂರಕಾನ್ ಮೈ ತೊಳೆದು, ಅದನ್ನು ತೊಟ್ಟು, ಮಗುವಿಗೆ ಕೈ ಚಾಚಿದಳು.