ರೂಪಾಯಿಯೋ ಯುರೋವೋ

ಊರಿಂದ ಡಬ್ಲಿನ್ನಿಗೆ ಯಾರೇ ಹೊರಡಲಿ, ಟಿಕೆಟ್ ಆದ ಮರುದಿನ ನನಗೆ ಫೋನ್ ಬರುತ್ತದೆ. "ಭಾಯಿ, ದುಡ್ಡು ಎಲ್ಲಿ ಚೇಂಜ್ ಮಾಡಿಸೋದು? ಇಲ್ಲೇ ಮಾಡಿಸ್ಕೊಂಡು ಬರಲಾ, ಅಲ್ಲಿ ಬಂದು ಮಾಡಿಸ್ಲಾ?" ಹನ್ನೊಂದು ವರ್ಷದಿಂದ ಇದೇ ಪ್ರಶ್ನೆ, ನನ್ನದೂ ಇದೇ ಉತ್ತರ. ಏರ್‌ಪೋರ್ಟಿನಲ್ಲಿ ಮಾಡಿಸಬೇಡಿ. ಕಮಿಷನ್ ಇಲ್ಲ ಎಂದು ದೊಡ್ಡ ಬೋರ್ಡ್ ಹಾಕಿದ ಕಡೆಯಂತೂ ಎಚ್ಚರದಿಂದಿರಿ, ಅಲ್ಲಿ ರೇಟಿನಲ್ಲೇ ಕಿತ್ತುಕೊಂಡಿರುತ್ತಾರೆ. ಇಲ್ಲಿಯ ಅಂಗಡಿಗಳಲ್ಲಿ ಕಾರ್ಡ್ ಮಿಷನ್ನು ರೂಪಾಯಿಯಲ್ಲಿ ಕೊಡುತ್ತೀರೋ ಯುರೋದಲ್ಲಿ ಕೊಡುತ್ತೀರೋ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಯುರೋ ಒತ್ತಿ. ರೂಪಾಯಿ ಒತ್ತಿದಿರೋ, ಅವರು ತಮಗೆ ಬೇಕಾದ ರೇಟು ಹಾಕಿಕೊಂಡು ಟೋಪಿ ಹಾಕುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಕೇಳಿದವರು "ಹೌದಾ, ಸರಿ ಸರಿ" ಎನ್ನುತ್ತಾರೆ. ಆಮೇಲೆ ಏರ್‌ಪೋರ್ಟಿನಲ್ಲೇ ಮಾಡಿಸಿಕೊಂಡು ಬಂದು, ನಮ್ಮ ಮನೆಯ ಸೋಫಾದ ಮೇಲೆ ಕೂತು, ತಮಗೆ ಸಿಕ್ಕ ರೇಟನ್ನು ಹೆಮ್ಮೆಯಿಂದ ಹೇಳುತ್ತಾರೆ. ನಾನು ಹಣೆ ಚಚ್ಚಿಕೊಳ್ಳುತ್ತೇನೆ.

ಇದು ನನಗೆ ಅಂಟಿದ ರೋಗ ಎಂದು ಹೆಂಡತಿ ಹೇಳುತ್ತಾಳೆ. ಅವಳು ಡಾಕ್ಟರು, ಅವಳಿಗೆ ಗೊತ್ತಿರಬೇಕು. ಬಂದ ಹೊಸತರಲ್ಲಿ ಒಂದು ಬ್ರೆಡ್ಡು ಕೊಳ್ಳಬೇಕಾದರೂ ರೂಪಾಯಿಗೆ ಗುಣಿಸಿ ನೋಡಿ ವಾಪಸ್ ಇಡುತ್ತಿದ್ದೆ. ಈಗ ಯುರೋ ನೂರು ರೂಪಾಯಿ ಆಸುಪಾಸಿಗೆ ಬಂದು ಗುಣಾಕಾರ ಸುಲಭವಾಗಿದೆ, ಸಂಕಟವೇನೂ ಕಡಿಮೆಯಾಗಿಲ್ಲ. ಸಿಟಿವೆಸ್ಟಿನ ಆಫೀಸಿನಲ್ಲಿ ದಿನವಿಡೀ ಬೇರೆಯವರ ಕಂಪ್ಯೂಟರ್ ತೊಂದರೆ ಬಿಡಿಸಿ, ಆಡಮ್ಸ್‌ಟೌನಿನ ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಫೋನಿನಲ್ಲಿ ಇವತ್ತಿನ ರೇಟು ನೋಡುತ್ತೇನೆ. ಊರಿಗೆ ದುಡ್ಡು ಕಳಿಸುವುದು ಏನೂ ಇಲ್ಲದ ದಿನವೂ ನೋಡುತ್ತೇನೆ. ಸಾಕಾಗಿದೆ, ಆದರೂ ಬಿಡಲಾಗಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ಆಪಾ ಬಂದರು. ಆಪಾ ಎಂದರೆ ನನ್ನ ದೊಡ್ಡಕ್ಕ. ನನಗಿಂತ ಹದಿಮೂರು ವರ್ಷ ದೊಡ್ಡವರು. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವರು. ಬೆಳಗಿನ ಜಾವದ ಡ್ಯೂಟಿ, ಚಿಲ್ಲರೆಗಾಗಿ ಜಗಳ, ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು ಇಳಿಯುವಾಗ ನೆನಪಿಟ್ಟು ವಾಪಸ್ ಕೊಡುವುದು, ಇದರಲ್ಲೇ ಅವರ ವಯಸ್ಸು ಕಳೆಯಿತು. ನಿವೃತ್ತಿಯಾದ ಮೇಲೆ ಮೊದಲ ಸಲ ವಿಮಾನ ಹತ್ತಿದ್ದು ನಮ್ಮ ಮನೆಗೆ ಬರಲು. ಒಂದು ತಿಂಗಳಿಗೆಂದು ಬಂದಿದ್ದರು. ನನ್ನ ಖರ್ಚು ನನ್ನದೇ ಎಂದು ಫೋನಿನಲ್ಲೇ ಷರತ್ತು ಹಾಕಿದ್ದರು. ಅವರ ಬ್ಯಾಂಕ್ ಕಾರ್ಡು ಇಲ್ಲಿಯೂ ನಡೆಯುವ ಹಾಗೆ ಮಾಡಿಸಿಕೊಟ್ಟವನು ನಾನೇ. ಯಾರಾದರೂ ಮೋಸ ಮಾಡಿಯಾರು ಎಂದು ದಿನಕ್ಕೆ ಹತ್ತು ಸಾವಿರ ರೂಪಾಯಿ ಮಿತಿ ಹಾಕಿಸಿದವನೂ ನಾನೇ.

ಅವರು ಬಂದ ಎರಡನೇ ವಾರಕ್ಕೆ, ನಮ್ಮ ನಾಲ್ಕು ವರ್ಷದ ಮಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕೆಲಸ ಬಿಟ್ಟಳು. ಮಗಳಿಗೆ ಶಾಲೆ ಶುರುವಾಗುವುದು ಸೆಪ್ಟೆಂಬರಿಗೆ. ಅಲ್ಲಿಯವರೆಗೆ ಎಲ್ಲಿ ವಿಚಾರಿಸಿದರೂ ಜಾಗವಿಲ್ಲ. ಹೆಂಡತಿಯ ಆಸ್ಪತ್ರೆ ರಜೆ ಕೊಡುವುದಿಲ್ಲ, ನನ್ನ ಆಫೀಸು ಮನೆಯಿಂದ ಕೆಲಸ ಎಂದರೆ ಮುಖ ಸಿಂಡರಿಸುತ್ತದೆ. ನಾವಿಬ್ಬರೂ ಒಂದು ಸಂಜೆ ಅಡುಗೆಮನೆಯಲ್ಲಿ ನಿಂತು ಮಾತಾಡಿ ತೀರ್ಮಾನ ಮಾಡಿದೆವು. ಆಪಾನ ವೀಸಾ ತೊಂಬತ್ತು ದಿನ ಇದೆಯಲ್ಲ, ಆಗಸ್ಟ್ ಕೊನೆಯವರೆಗೂ ಇರಲಿ. ನಾನು ಟಿಕೆಟ್ಟಿನ ತಾರೀಖು ಬದಲಾಯಿಸಿ, ಆಮೇಲೆ ಅವರಿಗೆ ಹೇಳಿದೆ. "ಆಪಾ, ಇನ್ನೆರಡು ತಿಂಗಳು ಇಲ್ಲೇ ಇರ್ತೀರಾ ನೀವು, ಖುಷಿನಾ?"

"ಮಾಡಿಸೇಬಿಟ್ಯಾ?" ಅಂದರು. ಆಮೇಲೆ "ಸರಿ ಬಿಡು," ಎಂದು ಮಗಳ ತಟ್ಟೆ ತೊಳೆಯಲು ಎದ್ದರು. ಅಲ್ಲಿಂದ ಮುಂದೆ ನನ್ನ ಬೇಸಿಗೆಯೆಲ್ಲ ಆಪಾ ಇರುತ್ತಾರೆ ಎಂಬ ಒಂದೇ ನಂಬಿಕೆಯ ಮೇಲೆ ನಡೆಯಬೇಕಿತ್ತು. ಅವರು ಮನಸ್ಸು ಬದಲಾಯಿಸಿದರೆ ನಮ್ಮಿಬ್ಬರಲ್ಲಿ ಒಬ್ಬರ ಕೆಲಸಕ್ಕೆ ಕುತ್ತು. ಇದು ನನಗೆ ಗೊತ್ತಿತ್ತು, ಹಾಗಾಗಿ ಬೇಕೆಂದೇ ಆ ಮಾತು ಮತ್ತೆ ಎತ್ತಲಿಲ್ಲ.

ಆಪಾ ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮಗಳ ಜೊತೆ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇವರಿಗೆ ಅರ್ಧ, ಇವರು ಕನ್ನಡದಲ್ಲಿ ಹೇಳಿದ್ದು ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. "ಫುಪ್ಪು, ಇಟ್ಸ್ ಗ್ರ್ಯಾಂಡ್, ಇಟ್ಸ್ ಓನ್ಲಿ ರೇನ್," ಎಂದು ಮಗಳು ತನ್ನ ಸೋದರತ್ತೆಯನ್ನು ಪಾರ್ಕಿಗೆ ಎಳೆದುಕೊಂಡು ಹೋಗುತ್ತಿದ್ದಳು. ಗ್ರ್ಯಾಂಡ್ ಎಂದರೆ ಇಲ್ಲಿಯವರ ಬಾಯಲ್ಲಿ ಪರವಾಗಿಲ್ಲ ಎಂದರ್ಥ. ಆಪಾನ ಚಪ್ಪಲಿ ದಿನಾ ನೆನೆದು, ಕಾಲಿನ ಹಿಮ್ಮಡಿ ಒಡೆದು, ಕುಂಟುತ್ತಾ ನಡೆಯುವಂತಾಯಿತು. ಒಂದು ಶನಿವಾರ ಅವರೇ ಅಂದರು: "ಒಂದು ಜೊತೆ ಶೂ ತಗೊಳ್ತೀನಿ ಕಣೋ. ನನ್ನ ದುಡ್ಡಲ್ಲಿ." ಆ ಕೊನೆಯ ಮಾತನ್ನು ಒತ್ತಿ ಹೇಳಿದರು.

ಬಸ್ಸಿನಲ್ಲಿ ಬ್ಲಾಂಚರ್ಡ್ಸ್‌ಟೌನಿಗೆ ಹೋದೆವು. ಕಾರು ಹೆಂಡತಿ ಡ್ಯೂಟಿಗೆ ಒಯ್ದಿದ್ದಳು. ನಾಣ್ಯ ಹಾಕಿದರೆ ಇಲ್ಲಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಬರುವುದಿಲ್ಲ ಎಂದು ಹೇಳಿದಾಗ ಆಪಾ ಡ್ರೈವರನ್ನು ಮೇಲಿಂದ ಕೆಳಗೆ ನೋಡಿದರು. "ಅದು ಹೆಂಗೆ? ಜನ ಸುಮ್ನಿರ್ತಾರಾ?" ನಾನು ನಕ್ಕೆ. ಅವರು ನಗಲಿಲ್ಲ.

ಶಾಪಿಂಗ್ ಸೆಂಟರಿನ ಶೂ ಅಂಗಡಿಯಲ್ಲಿ ಆಪಾ ಒಂದು ಗಂಟೆ ತೆಗೆದುಕೊಂಡರು. ಒಂದೊಂದನ್ನೂ ಹಾಕಿ, ಆ ತುದಿಯಿಂದ ಈ ತುದಿಗೆ ನಡೆದು, ಹೆಬ್ಬೆರಳಿನ ಜಾಗವನ್ನು ಒತ್ತಿ ನೋಡಿ, ಬಿಚ್ಚಿ, ಮತ್ತೆ ಹಾಕಿ. ಕೊನೆಗೆ ನೀಲಿ ಬಣ್ಣದ, ಮಳೆಗೆ ನೆನೆಯದ ಒಂದು ಜೊತೆ ಆರಿಸಿದರು. ಅರವತ್ತೈದು ಯುರೋ. ಅವರು ತಮಗಾಗಿ ಅಷ್ಟು ಬೆಲೆಯದನ್ನು ಕೊಂಡದ್ದನ್ನು ನಾನು ಕಂಡಿರಲಿಲ್ಲ. ಅವರು ಕೌಂಟರಿಗೆ ಹೋದಾಗ ನಾನು ಮಗಳನ್ನು ಕಾಲುಚೀಲಗಳ ಸ್ಟ್ಯಾಂಡಿನಿಂದ ಬಿಡಿಸುತ್ತಿದ್ದೆ.

"ನೋಡೋ ಇಲ್ಲಿ!" ಎಂದು ಆಪಾ ಕೂಗಿದರು. ಮುಖ ಅರಳಿತ್ತು. "ನಮ್ ರೂಪಾಯಿ ತಗೊಳ್ತಾರಂತೆ ಕಣೋ! ಮಿಷನ್ನೇ ಕೇಳ್ತು. ನಾನು ರೂಪಾಯಿ ಒತ್ತಿದೆ."

ನನ್ನ ಪಿತ್ತ ನೆತ್ತಿಗೇರಿತು. ಹನ್ನೊಂದು ವರ್ಷ ಲೋಕಕ್ಕೆಲ್ಲ ಹೇಳಿಕೊಟ್ಟವನು, ನನ್ನ ಕಣ್ಣೆದುರೇ, ನನ್ನ ಅಕ್ಕನೇ. ರಸೀದಿ ಕಿತ್ತುಕೊಂಡು ನೋಡಿದೆ. ರೇಟನ್ನು ನಾಚಿಕೆಯಿಲ್ಲದೆ ಅದರಲ್ಲೇ ಅಚ್ಚು ಮಾಡಿದ್ದರು. "ಏನಾಪಾ ನೀವು! ಎಷ್ಟು ಸಲ ಹೇಳಿದೀನಿ? ಯುರೋ ಒತ್ತಿ ಅಂತ ಬಡ್ಕೊಂಡಿದೀನಿ. ಓದೋಕ್ಕೆ ಬರಲ್ವಾ ನಿಮಗೆ?" ನೀವು, ನಿಮಗೆ ಎನ್ನುವುದರಲ್ಲಿ ನಾನೇನೂ ಕೊರತೆ ಮಾಡಿದವನಲ್ಲ. ಆ ಮರ್ಯಾದೆಯನ್ನೆಲ್ಲ ಇಟ್ಟುಕೊಂಡೇ ಇಡೀ ಅಂಗಡಿಗೆ ಕೇಳುವ ಹಾಗೆ ಬೈದೆ.

ಕೌಂಟರಿನ ಹುಡುಗಿಗೆ ಕ್ಯಾನ್ಸಲ್ ಮಾಡಲು ಹೇಳಿದೆ. "ಯೂ ಆರ್ ಗ್ರ್ಯಾಂಡ್, ಒನ್ ಸೆಕೆಂಡ್," ಎಂದು ಅವಳು ಮ್ಯಾನೇಜರನ್ನು ಕರೆಸಿದಳು. ಅವನು ಬರುವವರೆಗೆ ನಮ್ಮ ಹಿಂದೆ ಆರೇಳು ಜನ ಸಾಲು ನಿಂತರು. ಆಪಾ, "ಇರಲಿ ಬಿಡೋ, ಆಗೋಯ್ತು," ಎಂದರು. ನಾನು ಬಿಡಲಿಲ್ಲ. ಕ್ಯಾನ್ಸಲ್ ಆಯಿತು. ಎರಡನೇ ಸಲ ಕಾರ್ಡು ತೂರಿಸಿ ನಾನೇ ಯುರೋ ಒತ್ತಿದೆ. ಮಿಷನ್ನು ಆಗುವುದಿಲ್ಲ ಎಂದಿತು. ಇನ್ನೊಂದು ಸಲವೂ ಅದನ್ನೇ ಹೇಳಿತು. ಕ್ಯಾನ್ಸಲ್ ಮಾಡಿದ ಹಣ ವಾಪಸ್ ಬರಲು ನಾಲ್ಕೈದು ದಿನ ಬೇಕು. ನಾನು ಹಾಕಿಸಿದ ಹತ್ತು ಸಾವಿರದ ಮಿತಿಯಲ್ಲಿ ಆ ದಿನಕ್ಕೆ ಉಳಿದಿದ್ದು ಶೂಗೆ ಸಾಲದು. ಹುಡುಗಿ ದನಿ ತಗ್ಗಿಸಿ, ಬೇರೆ ಕಾರ್ಡ್ ಇದೆಯೇ ಎಂದು ಆಪಾನನ್ನು ಕೇಳಿದಳು.

ಆಪಾನಿಗೆ ಆ ಇಂಗ್ಲಿಷ್ ಅರ್ಥವಾಯಿತು. ಹಿಂದಿನ ಸಾಲನ್ನೊಮ್ಮೆ ನೋಡಿದರು. ಚೆಕಿಂಗಿನಲ್ಲಿ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಅಂಥ ಮುಖಗಳನ್ನು ಅವರು ಎಷ್ಟೋ ನೋಡಿದ್ದಾರೆ. "ಬೇಡ ಬಿಡು, ಶೂ ಬೇಡ," ಎಂದರು. ಅಷ್ಟರಲ್ಲಿ ನಾನು ನನ್ನ ಫೋನನ್ನು ಮಿಷನ್ನಿಗೆ ತೋರಿಸಿ ದುಡ್ಡು ಕೊಟ್ಟಾಗಿತ್ತು.

ಹೊರಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಮನಸ್ಸಿನಲ್ಲೇ ಎಣಿಸಿದೆ. ನಾನು ಉಳಿಸಿದ್ದು ಮೂರು ಯುರೋ. ಇಲ್ಲಿ ಒಂದು ಕಾಫಿಯೂ ಬರುವುದಿಲ್ಲ. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಆಪಾ ಶೂ ಡಬ್ಬಿಯನ್ನು ತಮ್ಮ ಮಗ್ಗುಲಲ್ಲಿ ಬೆಂಚಿನ ಮೇಲೆ, ಯಾರೋ ಮರೆತುಹೋದ ವಸ್ತುವಿನ ಹಾಗೆ ಇಟ್ಟುಕೊಂಡಿದ್ದರು. ಕ್ಷಮೆ ಕೇಳಬೇಕಿತ್ತು. ಬದಲಿಗೆ ನಾನು ಮತ್ತೆ ಪಾಠ ಶುರು ಮಾಡಿದೆ. "ಅದು ಹಂಗಲ್ಲ ಆಪಾ, ರೂಪಾಯಿಲಿ ತೋರ್ಸಿದ್ರೆ ನಮ್ಮ ದುಡ್ಡು ಅನ್ಸುತ್ತೆ, ಅಲ್ಲೇ ಮೋಸ ಇರೋದು..."

"ಗೊತ್ತಾಯ್ತು ಕಣೋ," ಎಂದರು. "ರೇಟಲ್ಲಿ ಹೊಡೀತಾರೆ. ಇಪ್ಪತ್ತಾರು ವರ್ಷ ದುಡ್ಡು ಮುಟ್ಟಿದೋಳು ನಾನು, ಅಷ್ಟು ತಿಳಿಯಲ್ವಾ?"

"ಮತ್ಯಾಕೆ ಒತ್ತಿದ್ರಿ?"

ಆಪಾ ರಸ್ತೆಯ ಕಡೆ ನೋಡುತ್ತಲೇ ಹೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಕೇಳ್ತಲ್ಲೋ ಅದು. ನಿಂಗೆ ಹೆಂಗೆ ಬೇಕು, ಹಿಂಗಾ ಹಂಗಾ ಅಂತ. ನಾನು ಬಂದು ಐದು ವಾರ ಆಯ್ತು. ಈ ಊರಲ್ಲಿ ನನ್ನನ್ನ ಹಂಗೆ ಕೇಳಿದ್ದು ಆ ಮಿಷನ್ ಒಂದೇ."

ಬಸ್ಸು ಬಂತು. ಹತ್ತಲಿಲ್ಲ. ಡ್ರೈವರ್ ಒಂದು ಕ್ಷಣ ನಮ್ಮನ್ನು ನೋಡಿ ಬಾಗಿಲು ಮುಚ್ಚಿಕೊಂಡು ಹೋದ. ನನ್ನ ತಲೆಯಲ್ಲಿ ಜುಲೈ, ಆಗಸ್ಟ್, ಹೆಂಡತಿಯ ಡ್ಯೂಟಿ ಪಟ್ಟಿ, ಆಫೀಸಿನ ಮೇಲಧಿಕಾರಿ ಎಲ್ಲ ಒಟ್ಟಿಗೆ ಸುತ್ತಿದವು. ಕೇಳದೇ ಇದ್ದರೆ ಇನ್ನೂ ಏಳು ವಾರ ನಡೆದುಹೋಗುತ್ತಿತ್ತು. ಅವರಾಗಿ ಬಾಯಿ ಬಿಡುವವರಲ್ಲ. ಆದರೂ ಕೇಳಿದೆ. ಕೇಳುವಾಗಲೂ, ಪಾಪ ತಮ್ಮ ಕಷ್ಟದಲ್ಲಿದ್ದಾನೆ ಎಂದು ಇದ್ದುಬಿಡುತ್ತಾರೆ ಎಂಬ ಆಸೆಯಿಂದಲೇ ಕೇಳಿದೆ, ಸುಳ್ಳು ಹೇಳುವುದಿಲ್ಲ.

"ಆಪಾ, ಇರ್ತೀರಾ, ಊರಿಗೆ ಹೋಗ್ತೀರಾ?"

"ಹೋಗ್ತೀನಿ ಕಣೋ," ಅಂದರು. ಯೋಚಿಸಲು ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.